ಕಣ್ಣೊಳಗೆ ಕೂರಿಸಿದ ಲೆನ್ಸ್ ಯಾವುದೆಂದು ರೋಗಿಗೂ ತಿಳಿದಿರಲಿ

ಮಾನ್ಯ ಸಂಪಾದಕರೇ,

ಪೊರೆಯ ಆಪರೇಷನ್ ಆಗಿ ನಾಲ್ಕೈದು ವರ್ಷ ಚೆನ್ನಾಗಿಯೇ ಕಾಣುತ್ತಿದ್ದ ಕಣ್ಣು ನಿಧಾನವಾಗಿ ಮತ್ತೆ ಮಬ್ಬಾಗತೊಡಗಿದರೆ ನಮ್ಮ ಊರುಗಳಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: ಲೆನ್ಸಿನ ಹಿಂದೆ ಪೊರೆ ಬೆಳೆದಿದೆ, ಲೇಸರ್ ಮಾಡಿಸಿಕೊಂಡರೆ ಸರಿಹೋಗುತ್ತದೆ. ಹೆಚ್ಚಿನವರ ಮಟ್ಟಿಗೆ ಈ ಉತ್ತರ ಸರಿ, ಲೇಸರ್‌ನಿಂದ ಅವರಿಗೆ ಅನುಕೂಲವೂ ಆಗುತ್ತದೆ. ಆದರೆ ಕೆಲವರಲ್ಲಿ ಮಬ್ಬಾಗಿರುವುದು ಹಿಂದಿನ ಪೊರೆಯಲ್ಲ, ಕಣ್ಣೊಳಗೆ ಕೂರಿಸಿದ ಕೃತಕ ಲೆನ್ಸೇ ಆಗಿರುತ್ತದೆ. ಅದರ ಮೇಲ್ಮೈಯಲ್ಲೋ ಒಳಪದರದಲ್ಲೋ ಕ್ಯಾಲ್ಸಿಯಂ ಕಟ್ಟಿಕೊಂಡಿರುತ್ತದೆ. ಇದನ್ನು ಗುರುತಿಸದೆ ಲೇಸರ್ ಮಾಡಿದರೆ ದೃಷ್ಟಿ ಸುಧಾರಿಸುವುದಿಲ್ಲ ಎಂಬುದಷ್ಟೇ ಅಲ್ಲ, ಮುಂದೆ ಮಾಡಬೇಕಾದ ನಿಜವಾದ ಚಿಕಿತ್ಸೆಯೇ ಕಷ್ಟವಾಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿಯಾಗಿ ಸೇವೆ ಸಲ್ಲಿಸಿ ನಿವೃತ್ತನಾಗಿರುವ ನಾನು ಈ ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಹಾಗೂ ಆರೋಗ್ಯ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಕೃತಕ ಲೆನ್ಸ್ ಎಂಬುದು ಕಳೆದ ಶತಮಾನದ ವೈದ್ಯಕೀಯ ಸಾಧನೆಗಳಲ್ಲಿ ಬಹಳ ದೊಡ್ಡದು, ಅದರ ಬಗ್ಗೆ ಅನುಮಾನ ಹುಟ್ಟಿಸುವುದು ಈ ಪತ್ರದ ಉದ್ದೇಶವಲ್ಲ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ವಿಮಾನ ಚಾಲಕರ ಕಣ್ಣಿಗೆ ಕಾಕ್‌ಪಿಟ್ಟಿನ ಪ್ಲಾಸ್ಟಿಕ್ ಚೂರುಗಳು ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಗಮನಿಸಿದ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಲೆನ್ಸನ್ನು ಮೊದಲ ಬಾರಿಗೆ ಮನುಷ್ಯನ ಕಣ್ಣಿನಲ್ಲಿಟ್ಟರು. ನಮ್ಮ ನಾಡಿಗೆ ಅದರ ಲಾಭ ತಲುಪಲು ದಶಕಗಳೇ ಬೇಕಾದವು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಜನರ ಪೊರೆ ತೆಗೆದ ಕಾಲದಲ್ಲಿ ಆಪರೇಷನ್ ಆದವರಿಗೆ ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ಅದು ಒಡೆದರೆ ಮತ್ತೆ ಕುರುಡು. 1992ರಲ್ಲಿ ಮದುರೈನಲ್ಲಿ ಅರೋಲ್ಯಾಬ್ ಆರಂಭವಾಗಿ ಲೆನ್ಸ್ ದೇಶದಲ್ಲೇ ಕಡಿಮೆ ಬೆಲೆಗೆ ತಯಾರಾಗತೊಡಗಿದ ಮೇಲೆ ಬಡವರ ಕಣ್ಣಿಗೂ ಲೆನ್ಸ್ ಬಂತು. ಇವತ್ತು ಯಾರಾದರೂ ಹೆದರಿ ಪೊರೆಯ ಆಪರೇಷನ್ ಮುಂದೂಡಿದರೆ ಅದು ದೊಡ್ಡ ತಪ್ಪಾಗುತ್ತದೆ.

ರಿಡ್ಲಿಯವರ ಲೆನ್ಸ್ ಗಟ್ಟಿ ಪ್ಲಾಸ್ಟಿಕ್ಕಿನದು, ಪಿಎಂಎಂಎ ಎಂದು ಕರೆಯುವ ವಸ್ತು. ಹಲವು ಶಿಬಿರಗಳಲ್ಲಿ ಇಂದಿಗೂ ಬಳಸುವ ಮಡಚಲಾಗದ ಲೆನ್ಸ್ ಇದೇ ಜಾತಿಯದು. ಅದರ ಅಗಲ ಸುಮಾರು ಆರು ಮಿಲಿಮೀಟರ್ ಇರುವುದರಿಂದ ಅದನ್ನು ಒಳಗೆ ಕಳಿಸಲು ಕಣ್ಣಿಗೆ ಮಾಡುವ ಗಾಯವೂ ಅಷ್ಟೇ ಅಗಲವಾಗಬೇಕು. ಪೊರೆಯನ್ನು ಶಬ್ದಾತೀತ ತರಂಗಗಳಿಂದ ಪುಡಿಮಾಡಿ ಹೀರುವ ಫೇಕೋ ಯಂತ್ರ ಬಂದು ಎರಡೂವರೆ ಮಿಲಿಮೀಟರ್ ಆಸುಪಾಸಿನ ಗಾಯದಲ್ಲೇ ಪೊರೆ ತೆಗೆಯುವುದು ಸಾಧ್ಯವಾದಾಗ ಮಡಚಿ ಒಳಗೆ ಕಳಿಸಬಹುದಾದ ಮೆದು ಲೆನ್ಸ್ ಬೇಕಾಯಿತು. ಹೀಗೆ ಬಂದವುಗಳಲ್ಲಿ ಮುಖ್ಯವಾದವು ಸಿಲಿಕೋನ್, ನೀರನ್ನು ಹೀರದ ಹೈಡ್ರೋಫೋಬಿಕ್ ಅಕ್ರಿಲಿಕ್ ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುವ ಹೈಡ್ರೋಫಿಲಿಕ್ ಅಕ್ರಿಲಿಕ್. ಕೊನೆಯದು ತಯಾರಿಸಲು ಸುಲಭ, ಬೆಲೆಯೂ ಕಡಿಮೆ, ಮಡಚಿದರೆ ಗೀರು ಬೀಳುವುದು ಅಪರೂಪ, ಕಣ್ಣಿಗೂ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಅದರ ಬಳಕೆ ವ್ಯಾಪಕವಾಗಿದೆ. ಕ್ಯಾಲ್ಸಿಯಂ ಕಟ್ಟುವ ತೊಂದರೆ ಹೆಚ್ಚಾಗಿ ಕಂಡುಬರುವುದೂ ಇದೇ ಬಗೆಯ ಲೆನ್ಸಿನಲ್ಲಿ.

ಅದರ ಕಾರಣ ಲೆನ್ಸಿನ ಗುಣದಲ್ಲೇ ಇದೆ. ಈ ವಸ್ತು ತನ್ನ ತೂಕದ ಕಾಲುಭಾಗದಷ್ಟು, ಕೆಲವು ಮಾದರಿಗಳಲ್ಲಿ ಅದಕ್ಕೂ ಹೆಚ್ಚು ನೀರನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಕಣ್ಣಿನ ಮುಂಭಾಗದಲ್ಲಿ ಸದಾ ಹರಿಯುವ ದ್ರವದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎರಡೂ ಸಹಜವಾಗಿಯೇ ಇವೆ. ಸಾಮಾನ್ಯ ಸ್ಥಿತಿಯಲ್ಲಿ ಇವು ಕರಗಿಯೇ ಇರುತ್ತವೆ. ಆದರೆ ಲೆನ್ಸಿನ ಮೇಲ್ಮೈಯಲ್ಲಿ ಏನಾದರೂ ಬದಲಾವಣೆಯಾಗಿ ಕಣವೊಂದು ಅಂಟಿಕೊಳ್ಳಲು ಜಾಗ ಸಿಕ್ಕರೆ, ಅಥವಾ ದ್ರವದಲ್ಲಿ ಈ ಲವಣಗಳ ಪ್ರಮಾಣ ಏರುಪೇರಾದರೆ, ಹೈಡ್ರಾಕ್ಸಿಅಪಟೈಟ್ ಎಂಬ ಖನಿಜವಾಗಿ ನಿಧಾನವಾಗಿ ಕಟ್ಟತೊಡಗುತ್ತವೆ. ಇದು ನಮ್ಮ ಮೂಳೆ, ಹಲ್ಲುಗಳನ್ನು ಗಟ್ಟಿ ಮಾಡುವ ಖನಿಜವೇ. ಲೆನ್ಸಿನ ಮೈಯಿಂದ ಸ್ವಲ್ಪ ಒಳಗಿನ ಪದರದಲ್ಲಿ ಸಾಲಾಗಿ ಕೂತುಬಿಟ್ಟರೆ ಅದನ್ನು ಕೆರೆದು ತೆಗೆಯುವಂತಿಲ್ಲ, ಯಾವ ಹನಿಮದ್ದಿಗೂ ಅದು ಕರಗುವುದಿಲ್ಲ.

ಈ ತೊಂದರೆ ದೊಡ್ಡ ಪ್ರಮಾಣದಲ್ಲಿ ಜಗತ್ತಿನ ಗಮನಕ್ಕೆ ಬಂದಿದ್ದು 2000ದ ಆಸುಪಾಸಿನಲ್ಲಿ, ಬಾಷ್ ಅಂಡ್ ಲಾಂಬ್ ಕಂಪನಿಯ ಹೈಡ್ರೋವ್ಯೂ ಲೆನ್ಸಿನಿಂದ. ಕಣ್ಣಿಗೆ ಹಾಕುವಾಗ ಸ್ವಚ್ಛವಾಗಿದ್ದ ಲೆನ್ಸುಗಳು ಒಂದೆರಡು ವರ್ಷಗಳಲ್ಲಿ ಮಂಜಾಗತೊಡಗಿದವು. ಹುಡುಕಿದಾಗ ಸಿಕ್ಕಿದ ಮುಖ್ಯ ಕಾರಣ ಲೆನ್ಸಿನದ್ದಾಗಿರಲಿಲ್ಲ, ಅದನ್ನು ಇಟ್ಟಿದ್ದ ಡಬ್ಬಿಯದ್ದಾಗಿತ್ತು. ಡಬ್ಬಿಯ ಮುಚ್ಚಳದಲ್ಲಿದ್ದ ಸಿಲಿಕೋನ್ ಪಟ್ಟಿಯಿಂದ ಅಂಶವೊಂದು ಹೊರಬಂದು ಲೆನ್ಸಿನ ಮೇಲೆ ಕೂತು, ಕ್ಯಾಲ್ಸಿಯಂ ಅಂಟಿಕೊಳ್ಳಲು ನೆಲೆ ಒದಗಿಸಿತ್ತು. 2001ರಲ್ಲಿ ಆ ಡಬ್ಬಿಯನ್ನೇ ಬದಲಿಸಲಾಯಿತು. ಅದೇ ಕಾಲದಲ್ಲಿ ಬೇರೆ ಕೆಲವು ಕಂಪನಿಗಳ ಹೈಡ್ರೋಫಿಲಿಕ್ ಲೆನ್ಸುಗಳಲ್ಲೂ ಇಂಥದ್ದೇ ದೂರುಗಳು ಬಂದವು. ಪಾಠ ಅಲ್ಲಿಗೆ ಮುಗಿಯಲಿಲ್ಲ. ಯುರೋಪಿನಲ್ಲಿ ಬಹಳ ಬಳಕೆಯಲ್ಲಿದ್ದ ಓಕ್ಯುಲೆಂಟಿಸ್ ಕಂಪನಿಯ ಲೆಂಟಿಸ್ ಲೆನ್ಸುಗಳು ಮಬ್ಬಾಗುತ್ತಿವೆ ಎಂಬ ವರದಿಗಳು ಹೆಚ್ಚಾಗಿ, 2017ರಲ್ಲಿ ಕಂಪನಿ ತನ್ನ ಲೆನ್ಸುಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು. ತಯಾರಿಕೆಯ ವೇಳೆ ತೊಳೆಯುವ ಹಂತದಲ್ಲಿ ಉಳಿದುಹೋದ ಫಾಸ್ಫೇಟ್ ಅಂಶದ ಕಡೆಗೆ ತನಿಖೆ ಬೊಟ್ಟು ಮಾಡಿತು. ಎರಡೂ ಪ್ರಕರಣಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರದ್ದಾಗಲಿ, ರೋಗಿಯದ್ದಾಗಲಿ ಯಾವ ತಪ್ಪೂ ಇರಲಿಲ್ಲ.

ತಯಾರಿಕೆಯಲ್ಲಿ ದೋಷವೇ ಇಲ್ಲದ ಲೆನ್ಸ್ ಕೂಡ ಕಣ್ಣಿಗೆ ಇನ್ನೊಂದು ಚಿಕಿತ್ಸೆಯಾದ ಮೇಲೆ ಮಬ್ಬಾಗುವುದುಂಟು. ಕಣ್ಣಿನ ಮುಂಬದಿಯ ಪಾರದರ್ಶಕ ಪರದೆಯಾದ ಕಾರ್ನಿಯಾದ ಒಳಪದರವನ್ನು ಮಾತ್ರ ಬದಲಿಸುವ ಈಗಿನ ಕಸಿಯಲ್ಲಿ, ದಾನಿಯ ಪದರ ಅಂಟಿಕೊಳ್ಳಲೆಂದು ಕಣ್ಣಿನೊಳಗೆ ಗಾಳಿಯನ್ನೋ ಅನಿಲವನ್ನೋ ತುಂಬುತ್ತಾರೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲ ಕಳಚಿಕೊಂಡಾಗಲೂ ಒಳಗೆ ಅನಿಲ ತುಂಬುವುದುಂಟು. ಇಂಥ ಕಣ್ಣುಗಳಲ್ಲಿ, ಮುಖ್ಯವಾಗಿ ಗಾಳಿ ಮತ್ತೆ ಮತ್ತೆ ತುಂಬಬೇಕಾಗಿ ಬಂದವರಲ್ಲಿ, ಹೈಡ್ರೋಫಿಲಿಕ್ ಲೆನ್ಸಿನ ಮುಂಭಾಗದ ನಟ್ಟನಡುವೆ, ಪಾಪೆಯ ಅಳತೆಗೆ ಸರಿಯಾಗಿ, ಬಿಳಿ ವೃತ್ತದಂತೆ ಕ್ಯಾಲ್ಸಿಯಂ ಕೂರುವುದನ್ನು ಹಲವು ದೇಶಗಳ ವೈದ್ಯರು ದಾಖಲಿಸಿದ್ದಾರೆ. ನೋಟದ ದಾರಿಗೆ ಸರಿಯಾಗಿ ಅಡ್ಡ ಬರುವ ಜಾಗ ಅದು. ಹೀಗಾಗಿ ಕಾರ್ನಿಯಾ ಈಗಾಗಲೇ ದುರ್ಬಲವಾಗಿದ್ದು, ಮುಂದೆ ಕಸಿ ಬೇಕಾಗಬಹುದು ಎಂಬ ಸೂಚನೆ ಇರುವವರಿಗೆ ಪೊರೆಯ ಆಪರೇಷನ್ ಮಾಡುವಾಗಲೇ ಹೈಡ್ರೋಫೋಬಿಕ್ ಲೆನ್ಸ್ ಆರಿಸುವುದು ಲೇಸೆಂದು ಕಾರ್ನಿಯಾ ತಜ್ಞರು ಹೇಳುತ್ತಾರೆ. ಸಕ್ಕರೆ ಕಾಯಿಲೆ ಇರುವವರಲ್ಲೂ, ಕಣ್ಣಿನೊಳಗೆ ದೀರ್ಘಕಾಲ ಉರಿಯೂತ ಇದ್ದವರಲ್ಲೂ ಕ್ಯಾಲ್ಸಿಯಂ ಕಟ್ಟಿದ ವರದಿಗಳು ಹೆಚ್ಚು. ಸಿಲಿಕೋನ್ ಲೆನ್ಸಿಗೆ ಇನ್ನೊಂದು ದಾರಿಯಿದೆ: ಕಣ್ಣಿನ ಹಿಂಭಾಗದ ಲೋಳೆಯಲ್ಲಿ ಬಿಳಿ ಚುಕ್ಕೆಗಳು ತೇಲುವ ಆಸ್ಟರಾಯ್ಡ್ ಹೈಯಲೋಸಿಸ್ ಎಂಬ ಸ್ಥಿತಿ ಇರುವವರಲ್ಲಿ ಅದರ ಹಿಂಬದಿಗೆ ಕ್ಯಾಲ್ಸಿಯಂ ಅಂಟುತ್ತದೆ. ಹೈಡ್ರೋಫೋಬಿಕ್ ಲೆನ್ಸುಗಳೊಳಗೆ ಕಾಲಕ್ರಮೇಣ ಸೂಕ್ಷ್ಮ ನೀರಿನ ಹನಿಗಳು ಸೇರಿ ಮಿನುಗುವುದೂ ಇದೆ, ಆದರೆ ಅದರಿಂದ ದೃಷ್ಟಿ ಕೆಡುವುದು ಅಪರೂಪ.

ಈ ತೊಂದರೆಯ ಲಕ್ಷಣಗಳೇ ರೋಗಿಯನ್ನೂ ಪರೀಕ್ಷಿಸುವವರನ್ನೂ ದಾರಿ ತಪ್ಪಿಸುವಂಥವು. ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ಓದಿಸಿದರೆ ರೋಗಿ ಕೆಳಗಿನ ಸಾಲುಗಳವರೆಗೂ ಓದಿಬಿಡಬಹುದು. ಆದರೆ ಬೆಳಗಿನ ಬಿಸಿಲಿಗೆ ಹೊರಟರೆ ಎದುರು ಬರುವವರ ಮುಖ ಗುರುತು ಸಿಗುವುದಿಲ್ಲ, ರಾತ್ರಿ ಎದುರಿನಿಂದ ವಾಹನ ಬಂದರೆ ಕಣ್ಣೆಲ್ಲ ಬೆಳ್ಳಗಾಗಿ ರಸ್ತೆಯೇ ಕಾಣುವುದಿಲ್ಲ, ದೀಪದ ಸುತ್ತ ಪ್ರಭಾವಳಿ ಕಾಣುತ್ತದೆ. 'ಅಕ್ಷರ ಓದುತ್ತೀರಲ್ಲ, ಏನೂ ಆಗಿಲ್ಲ' ಎಂದು ವಾಪಸ್ ಕಳಿಸಿದ ಎಷ್ಟೋ ಹಿರಿಯರು ಮನೆಯಲ್ಲಿ ಸುಮ್ಮನೆ ಕೂತಿದ್ದಾರೆ. ನಿಜವಾಗಿ ಏನಾಗಿದೆ ಎಂದು ತಿಳಿಯಲು ದುಬಾರಿ ಯಂತ್ರವೇನೂ ಬೇಡ. ಹನಿ ಹಾಕಿ ಪಾಪೆಯನ್ನು ಪೂರ್ತಿ ಹಿಗ್ಗಿಸಿ, ಕಣ್ಣನ್ನು ದೊಡ್ಡದಾಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದ ಸಣ್ಣ ಬೆಳಕಿನ ಪಟ್ಟಿಯನ್ನು ಓರೆಯಾಗಿ ಬಿಟ್ಟು, ಮೊದಲು ಲೆನ್ಸಿನ ಮುಂಬದಿಗೆ, ಆಮೇಲೆ ಹಿಂಬದಿಗೆ, ಕೊನೆಗೆ ಅದರ ಹಿಂದಿನ ಪೊರೆಗೆ ಒಂದೊಂದಾಗಿ ಫೋಕಸ್ ಮಾಡಿದರೆ ಮಬ್ಬು ಯಾವ ಪದರದಲ್ಲಿದೆ ಎಂಬುದು ಗೊತ್ತಾಗುತ್ತದೆ. ಬೆಳೆದ ಪೊರೆಯಾದರೆ ಲೆನ್ಸಿನ ಹಿಂದೆ ಸಣ್ಣ ಗುಳ್ಳೆಗಳ ಗೊಂಚಲೋ ಸುಕ್ಕುಗಳೋ ಕಾಣುತ್ತವೆ, ಲೆನ್ಸ್ ಮಾತ್ರ ತಿಳಿಯಾಗಿರುತ್ತದೆ. ಕ್ಯಾಲ್ಸಿಯಂ ಆದರೆ ಲೆನ್ಸಿನ ಮೈಯಲ್ಲೇ ಅತಿ ಸಣ್ಣ ಬಿಳಿ ಕಣಗಳು ಒತ್ತೊತ್ತಾಗಿ ಹರಡಿರುತ್ತವೆ. ಪಾಪೆ ಹಿಗ್ಗಿಸದೆ, ಹೊರಗೆ ಸರದಿಯಲ್ಲಿ ನೂರು ಜನ ಕಾಯುತ್ತಿರುವಾಗ ಅರೆನಿಮಿಷ ನೋಡಿದರೆ ಎರಡೂ ಒಂದೇ ಥರ ಬೆಳ್ಳಗೆ ಕಾಣುತ್ತವೆ. ಸರ್ಕಾರಿ ಆಸ್ಪತ್ರೆಗಳ ಒತ್ತಡ ನನಗೆ ಗೊತ್ತಿರುವುದರಿಂದ ಇದನ್ನು ದೂರಾಗಿ ಹೇಳುತ್ತಿಲ್ಲ. ಆದರೆ ಲೇಸರ್ ಮಾಡುವ ಮೊದಲು ಈ ಒಂದು ಪರೀಕ್ಷೆಗೆ ಸಮಯ ಕೊಡಲೇಬೇಕು ಎಂದು ಒತ್ತಿ ಹೇಳುತ್ತೇನೆ.

ಯಾಕೆಂದರೆ ಯಾಗ್ ಎಂಬ ಈ ಲೇಸರ್ ಮಾಡುವ ಕೆಲಸ ಲೆನ್ಸಿನ ಹಿಂದಿನ ಪೊರೆಯಲ್ಲಿ, ಅಂದರೆ ಲೆನ್ಸ್ ಕೂತಿರುವ ಚೀಲದ ತೆಳು ಹಿಂಗೋಡೆಯಲ್ಲಿ, ಕಿಂಡಿ ತೆರೆಯುವುದು. ಆ ಕಿಂಡಿ ಒಮ್ಮೆ ಆದರೆ ಮುಚ್ಚುವುದಿಲ್ಲ. ಲೆನ್ಸೇ ಮಬ್ಬಾಗಿದ್ದರೆ ಅದನ್ನು ತೆಗೆದು ಬೇರೆ ಲೆನ್ಸ್ ಹಾಕುವುದೊಂದೇ ಉಪಾಯ. ಹಿಂದಿನ ಪೊರೆ ಇಡಿಯಾಗಿದ್ದರೆ ಅನುಭವಿ ವೈದ್ಯರು ಹಳೆಯ ಲೆನ್ಸನ್ನು ಅದು ಕೂತಿರುವ ಚೀಲದಿಂದ ಬಿಡಿಸಿ, ಕಣ್ಣೊಳಗೇ ಕತ್ತರಿಸಿ, ಚೂರುಗಳನ್ನು ಹೊರತೆಗೆದು ಹೊಸದನ್ನು ಅದೇ ಜಾಗದಲ್ಲಿ ಕೂರಿಸುವ ಅವಕಾಶ ಇರುತ್ತದೆ. ಪೊರೆಯಲ್ಲಿ ಕಿಂಡಿ ಇದ್ದರೆ ಹಿಂದಿನ ಲೋಳೆ ಮುಂದಕ್ಕೆ ಬರುತ್ತದೆ, ಹೊಸ ಲೆನ್ಸಿಗೆ ನಿಲ್ಲಲು ಆಸರೆ ಇರುವುದಿಲ್ಲ, ಅದನ್ನು ಕಣ್ಣಿನ ಬಿಳಿಗೋಡೆಗೋ ಕಣ್ಣಿನ ಬಣ್ಣದ ಪರದೆಗೋ ಸಿಕ್ಕಿಸಬೇಕಾಗುತ್ತದೆ. ಅಕ್ಷಿಪಟಲಕ್ಕೆ ಊತ ಬರುವ, ಅದು ಕಳಚಿಕೊಳ್ಳುವ, ಕಾರ್ನಿಯಾ ಸೋಲುವ ಅಪಾಯಗಳು ಹೆಚ್ಚುತ್ತವೆ. ಒಂದು ತಪ್ಪು ಗುರುತಿಸುವಿಕೆಯ ಬೆಲೆ ಇಷ್ಟು.

ನನ್ನ ಚಿಕ್ಕಮ್ಮನಿಗೆ ಆದದ್ದು ಇದೇ. ಅವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬಲಗಣ್ಣಿಗೆ ಮಡಚುವ ಲೆನ್ಸ್ ಹಾಕಿಸಿಕೊಂಡು ಕೆಲವು ವರ್ಷ ಹೂ ಕಟ್ಟುವುದು, ಅಕ್ಕಿ ಆರಿಸುವುದು ಎಲ್ಲವನ್ನೂ ಆರಾಮವಾಗಿ ಮಾಡಿಕೊಂಡಿದ್ದರು. ಮಬ್ಬು ಬಂದಾಗ ಅಲ್ಲೇ ಲೇಸರ್ ಮಾಡಿದರು. ಕಡಿಮೆಯಾಗಲಿಲ್ಲ. ಮತ್ತೊಮ್ಮೆ ಹೋದಾಗ ಇದು ಸಕ್ಕರೆಯಿಂದ ನರಕ್ಕೆ ಆಗಿರುವ ತೊಂದರೆ, ಇನ್ನೇನೂ ಮಾಡುವಂತಿಲ್ಲ ಎಂದರು. ಬೆಂಗಳೂರಿಗೆ ಕರೆತಂದಾಗ ಅಲ್ಲಿನ ವೈದ್ಯೆಯೊಬ್ಬರು ಪಾಪೆ ಹಿಗ್ಗಿಸಿ ನೋಡಿ, ನನ್ನನ್ನೂ ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಿ ತೋರಿಸಿದರು. ಲೆನ್ಸಿನ ಇಡೀ ಮುಖ ಸಣ್ಣಗೆ ನೆರೆತಂತೆ ಬೂದುಬಿಳುಪಾಗಿತ್ತು, ಅದರ ಹಿಂದೆ ಲೇಸರ್ ತೆರೆದ ಕಿಂಡಿ ಅಚ್ಚುಕಟ್ಟಾಗಿ ಇತ್ತು. ಹಿಂದೆ ಹಾಕಿದ್ದು ಯಾವ ಕಂಪನಿಯದ್ದು, ಯಾವ ಮಾದರಿ ಎಂದು ವೈದ್ಯೆ ಕೇಳಿದರು. ಡಿಸ್ಚಾರ್ಜ್ ಕಾರ್ಡಿನಲ್ಲಿ 'ಲೆನ್ಸ್ ಅಳವಡಿಸಲಾಗಿದೆ' ಎಂದಷ್ಟೇ ಇತ್ತು. ಹಳೆಯ ಆಸ್ಪತ್ರೆಗೆ ಫೋನ್ ಮಾಡಿದರೆ ಅಷ್ಟು ಹಿಂದಿನ ದಾಖಲೆ ಇಟ್ಟಿಲ್ಲ ಎಂಬ ಉತ್ತರ ಬಂತು. ಲೆನ್ಸ್ ಬದಲಿಸಲಾಯಿತು, ಆದರೆ ಹೊಸದನ್ನು ಸಹಜ ಜಾಗದಲ್ಲಿ ಕೂರಿಸಲು ಆಗಲಿಲ್ಲ. ಈಗ ಮನೆಯೊಳಗೆ ಓಡಾಡುವಷ್ಟು ಚೆನ್ನಾಗಿ ಕಾಣುತ್ತದೆ. ಸೂಜಿಗೆ ದಾರ ಪೋಣಿಸುವುದು ಆಗುವುದಿಲ್ಲ.

ನನ್ನ ಮುಖ್ಯ ಆಗ್ರಹ ಇರುವುದು ಇಲ್ಲೇ. ಪ್ರತಿಯೊಂದು ಲೆನ್ಸಿನ ಪೆಟ್ಟಿಗೆಯಲ್ಲೂ ಕಂಪನಿಯ ಹೆಸರು, ಮಾದರಿ, ಪವರ್, ಸೀರಿಯಲ್ ಅಥವಾ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮುದ್ರಿಸಿದ ಸ್ಟಿಕ್ಕರುಗಳು ಒಂದಕ್ಕಿಂತ ಹೆಚ್ಚು ಬರುತ್ತವೆ. ಒಂದನ್ನು ಆಸ್ಪತ್ರೆಯ ಕೇಸ್ ಶೀಟಿಗೆ ಅಂಟಿಸಿದರೆ ಇನ್ನೊಂದನ್ನು ರೋಗಿಯ ಕಾರ್ಡಿಗೆ ಅಂಟಿಸಲು ಯಾವ ಖರ್ಚೂ ಇಲ್ಲ. ಒಳ್ಳೆಯ ಆಸ್ಪತ್ರೆಗಳು ಇದನ್ನು ಈಗಾಗಲೇ ಮಾಡುತ್ತಿವೆ. ಮಾಡದವರ ಸಂಖ್ಯೆಯೂ ಕಡಿಮೆಯೇನಲ್ಲ ಎಂಬುದು ಊರಿನ ಹಿರಿಯರ ಹಳೆಯ ಕಾರ್ಡುಗಳನ್ನು ತೆಗೆಸಿ ನೋಡಿದ ಯಾರಿಗಾದರೂ ತಿಳಿಯುತ್ತದೆ. ಯುರೋಪ್ ಒಕ್ಕೂಟದಲ್ಲಿ 2021ರ ಮೇ ತಿಂಗಳಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ, ದೇಹದೊಳಗೆ ಉಳಿಯುವ ಇಂಥ ಸಾಧನಗಳಿಗೆ ತಯಾರಕರು ಇಂಪ್ಲಾಂಟ್ ಕಾರ್ಡ್ ಒದಗಿಸಲೇಬೇಕು, ಆಸ್ಪತ್ರೆ ಅದನ್ನು ರೋಗಿಗೆ ಕೊಡಲೇಬೇಕು. ಸ್ವೀಡನ್ನಿನಲ್ಲಂತೂ 1992ರಿಂದಲೇ ದೇಶಮಟ್ಟದ ಪೊರೆ ಶಸ್ತ್ರಚಿಕಿತ್ಸೆಯ ನೋಂದಣಿ ಇದೆ. ಲೆಂಟಿಸ್ ಲೆನ್ಸನ್ನು ಹಿಂಪಡೆದಾಗ ಯಾವ ಕಣ್ಣುಗಳನ್ನು ಕರೆಸಿ ನೋಡಬೇಕು ಎಂದು ತಿಳಿಯಲು ಬೇಕಾಗಿದ್ದು ಇಂಥ ದಾಖಲೆಗಳೇ. ನಾಳೆ ನಮ್ಮಲ್ಲಿ ಬಳಸುವ ಲೆನ್ಸಿನ ಒಂದು ಬ್ಯಾಚಿನಲ್ಲಿ ಅಂಥದ್ದೇ ದೋಷ ಪತ್ತೆಯಾದರೆ, ಅದು ಯಾರ ಯಾರ ಕಣ್ಣಿನಲ್ಲಿದೆ ಎಂದು ಎಲ್ಲಿ ಹುಡುಕುವುದು?

ಕಾನೂನಿನ ಆಧಾರ ನಮ್ಮಲ್ಲಿ ಇಲ್ಲವೆಂದಲ್ಲ. ಕಣ್ಣಿನ ಲೆನ್ಸನ್ನು 2005ರಲ್ಲೇ ಔಷಧ ಕಾಯಿದೆಯ ವ್ಯಾಪ್ತಿಗೆ ತರಲಾಗಿದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿಯಿಂದ ಜಾರಿಯಲ್ಲಿವೆ. ಸಾಧನಗಳಿಂದ ಆಗುವ ತೊಂದರೆಗಳನ್ನು ದಾಖಲಿಸಲೆಂದೇ 2015ರಲ್ಲಿ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಆರಂಭವಾಗಿದೆ. ಮಬ್ಬಾದ ಲೆನ್ಸ್ ಕಂಡ ವೈದ್ಯರು ಅಲ್ಲಿಗೆ ವರದಿ ಕಳಿಸಬಹುದು. ಆದರೆ ಮಾದರಿಯ ಹೆಸರು, ಬ್ಯಾಚ್ ಸಂಖ್ಯೆಯೇ ಇಲ್ಲದೆ ಕಳಿಸಿದ ವರದಿಯಿಂದ ಏನು ಪ್ರಯೋಜನ? ಹೊರತೆಗೆದ ಲೆನ್ಸನ್ನು ಕಸದ ಬುಟ್ಟಿಗೆ ಹಾಕದೆ ಪರೀಕ್ಷೆಗೆ ಕಳಿಸುವ ಪದ್ಧತಿಯೂ ನಮ್ಮಲ್ಲಿ ಬೆಳೆಯಬೇಕು. ಅಮೆರಿಕದಲ್ಲಿ ಡೇವಿಡ್ ಆಪಲ್, ಲಿಲಿಯಾನಾ ವರ್ನರ್ ಮೊದಲಾದ ಸಂಶೋಧಕರು ಬೇರೆ ಬೇರೆ ದೇಶಗಳಿಂದ ಬಂದ ಲೆನ್ಸುಗಳಿಗೆ ಅಲಿಜರಿನ್ ರೆಡ್‌ನಂಥ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಕೂತು ನೋಡಿದ್ದರಿಂದಲೇ ಮಬ್ಬು ಕ್ಯಾಲ್ಸಿಯಂನದ್ದೆಂದೂ ಅದು ಲೆನ್ಸಿನ ಯಾವ ಪದರದಲ್ಲಿ ಕೂತಿದೆಯೆಂದೂ ಖಚಿತವಾಯಿತು. ಬಣ್ಣ ಹಾಕಿ ನೋಡುವ ಈ ಪರೀಕ್ಷೆ ನಮ್ಮ ವೈದ್ಯಕೀಯ ಕಾಲೇಜುಗಳ ರೋಗಶಾಸ್ತ್ರ ವಿಭಾಗಗಳಿಗೆ ಅಸಾಧ್ಯವಾದದ್ದಲ್ಲ.

ಲೆನ್ಸ್ ಆಯ್ಕೆಯ ಬಗ್ಗೆ ಓದುಗರಿಗೆ ಎರಡು ಮಾತು. ಬೆಲೆ ಹೆಚ್ಚಾದ ಮಾತ್ರಕ್ಕೆ ಲೆನ್ಸ್ ಮಬ್ಬಾಗುವುದಿಲ್ಲ ಎಂದು ತಿಳಿಯಬಾರದು. ಹಿಂಪಡೆದ ಲೆಂಟಿಸ್ ಲೆನ್ಸುಗಳಲ್ಲಿ ದೂರವನ್ನೂ ಹತ್ತಿರವನ್ನೂ ಕಾಣಿಸುವ ದುಬಾರಿ ಮಲ್ಟಿಫೋಕಲ್‌ಗಳೂ ಇದ್ದವು. ಹಾಗೆಯೇ ಹೈಡ್ರೋಫಿಲಿಕ್ ಲೆನ್ಸ್ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಹೀಗಾಗುತ್ತದೆ ಎಂದು ಗಾಬರಿಪಡಬೇಕಾಗಿಯೂ ಇಲ್ಲ, ಬಹುಪಾಲು ಜನರಿಗೆ ಆಗುವುದಿಲ್ಲ. ಆಪರೇಷನ್ನಿಗೆ ಮೊದಲು ಸಕ್ಕರೆ ಕಾಯಿಲೆ, ಕಾರ್ನಿಯಾದ ತೊಂದರೆ, ಅಕ್ಷಿಪಟಲದ ತೊಂದರೆ ಏನಿದ್ದರೂ ವೈದ್ಯರಿಗೆ ತಿಳಿಸಿ, ತಮಗೆ ಯಾವ ವಸ್ತುವಿನ ಲೆನ್ಸ್ ಸೂಕ್ತ ಎಂದು ಕೇಳಬೇಕು. ಕೇಳುವುದು ಉದ್ಧಟತನವಲ್ಲ. ಆಪರೇಷನ್ ಆದ ಮೇಲೆ ಸ್ಟಿಕ್ಕರ್ ಅಂಟಿಸಿದ ಕಾರ್ಡನ್ನು ಕೇಳಿ ಪಡೆದು, ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಂಡು, ಕಾಗದವನ್ನು ರೇಷನ್ ಕಾರ್ಡಿನ ಜೊತೆ ಇಡಲಿ. ವರ್ಷಗಳ ನಂತರ ಮಬ್ಬು ಬಂದರೆ, ಲೇಸರ್ ಎಂದಾಗ, 'ಲೆನ್ಸ್ ತಿಳಿಯಾಗಿದೆಯೇ, ಪಾಪೆ ಹಿಗ್ಗಿಸಿ ನೋಡಿದ್ದೀರಾ?' ಎಂದು ವಿನಯದಿಂದಲೇ ಕೇಳಲಿ.

ಆರೋಗ್ಯ ಇಲಾಖೆಗೆ ನನ್ನ ವಿನಂತಿ ಇಷ್ಟು. ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ನಡೆಯುವ ಶಿಬಿರಗಳಿಗೂ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಆಗುವ ಪೊರೆಯ ಶಸ್ತ್ರಚಿಕಿತ್ಸೆಗಳಿಗೂ ಸರ್ಕಾರವೇ ಹಣ ಕೊಡುತ್ತದೆ. ರೋಗಿಯ ಕೈಗೆ ಲೆನ್ಸ್ ಸ್ಟಿಕ್ಕರ್ ಇರುವ ಕಾರ್ಡ್ ಸಿಕ್ಕಿದೆ ಎಂಬುದಕ್ಕೆ ಅದರ ಪ್ರತಿಯನ್ನು ಬಿಲ್ಲಿನ ಜೊತೆ ಲಗತ್ತಿಸಿದರೆ ಮಾತ್ರ ಹಣ ಬಿಡುಗಡೆ ಮಾಡುವುದೆಂದು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಅದೇ ಸುತ್ತೋಲೆಯಲ್ಲಿ, ಲೇಸರ್‌ಗೆ ಕಳಿಸುವ ಪ್ರತಿ ರೋಗಿಯ ಚೀಟಿಯ ಮೇಲೆ 'ಪಾಪೆ ಹಿಗ್ಗಿಸಿ ನೋಡಲಾಗಿದೆ, ಲೆನ್ಸ್ ತಿಳಿಯಾಗಿದೆ' ಎಂದು ಪರೀಕ್ಷಿಸಿದವರು ಬರೆದು ಸಹಿ ಹಾಕಬೇಕೆಂದೂ ಸೇರಿಸಲಿ. ಮುಂದಿನ ಶಿಬಿರಗಳಿಂದಲೇ ಇದು ಜಾರಿಗೆ ಬರಲಿ ಎಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನೇತ್ರಾಧಿಕಾರಿ, ತಿಪಟೂರು